ಕಾಣದ ಚುಕ್ಕೆ, ಜಾರಿದ ಅರ್ಕಾವತ್ತು

1990ರ ದಶಕದ ನಡುವಿನಲ್ಲಿ ವೆಬ್‌ಸೈಟ್ ಕಟ್ಟುತ್ತಿದ್ದವರ ಕಂಪ್ಯೂಟರಿನಲ್ಲಿ ಒಂದು ಕಡತ ಇದ್ದೇ ಇರುತ್ತಿತ್ತು. ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ ಜಿಫ್ ಚಿತ್ರ, ಅದೂ ಪೂರ್ತಿ ಪಾರದರ್ಶಕ. ಕಣ್ಣಿಗೆ ಕಾಣದ ಒಂದು ಚುಕ್ಕೆ, ಅಷ್ಟೆ. ಆದರೆ ಅದರ ಅಗಲ ಇಪ್ಪತ್ತು ಎಂದು ಪುಟದಲ್ಲಿ ಬರೆದರೆ ಬ್ರೌಸರ್ ಅದನ್ನು ಇಪ್ಪತ್ತು ಪಿಕ್ಸೆಲ್‌ಗೆ ಹಿಗ್ಗಿಸುತ್ತಿತ್ತು. ಪಕ್ಕದ ಅಕ್ಷರ ಅಷ್ಟು ದೂರ ಸರಿಯುತ್ತಿತ್ತು. ಪ್ಯಾರಾದ ಮೊದಲ ಸಾಲಿಗೆ ಜಾಗ ಬಿಡಬೇಕೆ, ಎರಡು ಚಿತ್ರಗಳ ನಡುವೆ ಅಂತರ ಬೇಕೆ, ಕಾಲಂ ಕುಗ್ಗದಂತೆ ತಡೆಯಬೇಕೆ, ಎಲ್ಲಕ್ಕೂ ಈ ಚುಕ್ಕೆಯೇ. ಸ್ಪೇಸರ್ ಜಿಫ್ ಎಂಬುದು ಅದರ ಹೆಸರು. ಬಾಗಿಲು ಅಲುಗಾಡದಂತೆ ಸಂದಿಗೆ ಮಡಚಿದ ರಟ್ಟು ಸಿಗಿಸುತ್ತೇವಲ್ಲ, ಅದೇ ಕೆಲಸ.

ಇಂಥದ್ದಕ್ಕೆ ವೆಬ್ ಕಟ್ಟುವವರ ನಡುವೆ ಹ್ಯಾಕ್ ಎಂಬ ಮಾತಿದೆ. ಪಾಸ್‌ವರ್ಡ್ ಕದಿಯುವ ಹ್ಯಾಕ್ ಇದಲ್ಲ. ಒಂದು ಉಪಕರಣವನ್ನು ಅದು ಹುಟ್ಟಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ದುಡಿಸಿಕೊಂಡು ಸದ್ಯಕ್ಕೆ ಕೆಲಸ ಸಾಗಿಸುವುದು. ಮುಂಬೈ, ದೆಹಲಿಯ ಓದುಗರಿಗೆ ಜುಗಾಡ್ ಎಂದರೆ ಸಾಕು. ಇದರ ಎದುರಿಗೆ ನಿಲ್ಲಿಸುವುದು ‘ಒಳ್ಳೆಯ ಪದ್ಧತಿ’ಯನ್ನು. ಎರಡರ ನಡುವೆ ಗೆರೆ ಎಲ್ಲಿದೆ ಎಂದು ಕೇಳಿದರೆ ಉತ್ತರ ಸುಲಭ ಅನ್ನಿಸುತ್ತದೆ. ಆದರೆ ಮೂವತ್ತು ವರ್ಷಗಳ ಚರಿತ್ರೆ ನೋಡಿದರೆ ಆ ಗೆರೆ ಒಂದೇ ಕಡೆ ನಿಂತದ್ದೇ ಇಲ್ಲ.

ಚುಕ್ಕೆಯ ಅಗತ್ಯ ಏಕೆ ಬಿತ್ತು ಎಂಬುದನ್ನು ಮೊದಲು ನೋಡಬೇಕು. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಚ್‌ಟಿಎಂಎಲ್ ರೂಪಿಸಿದಾಗ ಅದು ಬರಹದ ರಚನೆಯನ್ನು ಹೇಳುವ ಭಾಷೆಯಾಗಿತ್ತು. ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ, ಇದು ಕೊಂಡಿ ಎಂದು ಹೇಳಿದರೆ ಮುಗಿಯಿತು. ತಲೆಬರಹ ಎಷ್ಟು ದೊಡ್ಡದಾಗಿ, ಯಾವ ಬಣ್ಣದಲ್ಲಿ ಕಾಣಬೇಕು ಎಂಬುದು ಓದುವವರ ಯಂತ್ರಕ್ಕೆ ಬಿಟ್ಟದ್ದು. ಭೌತವಿಜ್ಞಾನಿಗಳು ಪ್ರಬಂಧ ಹಂಚಿಕೊಳ್ಳಲು ಇದು ಧಾರಾಳವಾಗಿ ಸಾಕಿತ್ತು. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದು ಪುಟದೊಳಗೇ ಚಿತ್ರ ತೋರಿಸಿದ ಮೇಲೆ, 1994ರ ಕೊನೆಗೆ ನೆಟ್‌ಸ್ಕೇಪ್ ಬಂದ ಮೇಲೆ, ಓದುಗರ ಜೊತೆಗೆ ಅಂಗಡಿಯವರು, ಪತ್ರಿಕೆಯವರು, ಜಾಹೀರಾತಿನವರೂ ಬಂದರು. ಅವರಿಗೆ ಪುಟ ಚೆಂದ ಕಾಣಬೇಕಿತ್ತು. ಭಾಷೆಯಲ್ಲಿ ಚೆಂದಕ್ಕೆ ಪದವೇ ಇರಲಿಲ್ಲ.

ಈ ಕೊರತೆ ಸರ್ನ್‌ನಲ್ಲೇ ಒಬ್ಬರಿಗೆ ಕಂಡಿತ್ತು. ನಾರ್ವೆಯ ಹೋಕನ್ ವಿಯುಮ್ ಲೀ 1994ರ ಅಕ್ಟೋಬರ್ 10ರಂದು ಒಂದು ಪ್ರಸ್ತಾವ ಮುಂದಿಟ್ಟರು. ರಚನೆ ಒಂದು ಕಡೆ ಇರಲಿ, ರೂಪವನ್ನು ಬೇರೆ ಹಾಳೆಯಲ್ಲಿ ಬರೆಯೋಣ ಎಂಬುದು ಅದರ ತಿರುಳು. ಅದೇ ಸಿಎಸ್‌ಎಸ್. ಬರ್ಟ್ ಬೋಸ್ ಜೊತೆಗೂಡಿದರು. ಮೊದಲ ಮಾನಕ ಹೊರಬಂದದ್ದು 1996ರ ಡಿಸೆಂಬರಿನಲ್ಲಿ. ಅದನ್ನು ನಂಬಬಹುದಾದಷ್ಟು ಸರಿಯಾಗಿ ಪಾಲಿಸುವ ಬ್ರೌಸರ್‌ಗಳು ಜನರ ಕೈಗೆ ಬರಲು ಇನ್ನೂ ನಾಲ್ಕೈದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕಾಯಲು ಯಾವ ಗ್ರಾಹಕ ಸಿದ್ಧನಿದ್ದ?

ಆಗ ಸಿಕ್ಕಿದ್ದು ಟೇಬಲ್. ಅಂಕಿಅಂಶಗಳ ಕೋಷ್ಟಕ ಹಾಕಲೆಂದು ಬಂದ ಟ್ಯಾಗ್ ಅದು. 1995ರಲ್ಲಿ ನೆಟ್‌ಸ್ಕೇಪ್ ಅದನ್ನು ಒಳಗೊಂಡಿತು. ಕೋಷ್ಟಕದ ಗೆರೆಗಳ ದಪ್ಪವನ್ನು ಸೊನ್ನೆ ಮಾಡಿದರೆ ಗೆರೆ ಮಾಯ, ಮನೆಗಳು ಮಾತ್ರ ಉಳಿಯುತ್ತವೆ. ಎಡದ ಮನೆಯಲ್ಲಿ ಮೆನು, ನಡುವಿನದರಲ್ಲಿ ಲೇಖನ, ಬಲಕ್ಕೆ ಜಾಹೀರಾತು. ಒಂದರೊಳಗೆ ಇನ್ನೊಂದು ಕೋಷ್ಟಕ, ಅದರೊಳಗೆ ಮತ್ತೊಂದು, ಸಂದಿಗೊಂದಿಗೆಲ್ಲ ಕಾಣದ ಚುಕ್ಕೆ. ಈ ವಿದ್ಯೆಯನ್ನು ಮನೆಮನೆಗೆ ತಲುಪಿಸಿದ್ದು ಡೇವಿಡ್ ಸೀಗಲ್ ಅವರ 1996ರ ಪುಸ್ತಕ, ‘ಕ್ರಿಯೇಟಿಂಗ್ ಕಿಲ್ಲರ್ ವೆಬ್ ಸೈಟ್ಸ್’. ಅದು ಭರ್ಜರಿಯಾಗಿ ಮಾರಾಟವಾಯಿತು. ಮರುವರ್ಷವೇ ಸೀಗಲ್ ಒಂದು ಲೇಖನ ಬರೆದರು. ವೆಬ್ ಹಾಳಾಗಿದೆ, ಹಾಳುಮಾಡಿದವನು ನಾನೇ ಎಂಬ ಅರ್ಥದ ಶೀರ್ಷಿಕೆ ಅದಕ್ಕೆ. ರೂಪಕ್ಕಾಗಿ ರಚನೆಯನ್ನು ಬಲಿಕೊಟ್ಟೆವು ಎಂಬ ಅರಿವು ಅಷ್ಟು ಬೇಗ, ಅದೂ ಆ ಹ್ಯಾಕಿನ ದೊಡ್ಡ ಪ್ರಚಾರಕನಿಗೇ ಬಂದದ್ದನ್ನು ಮೆಚ್ಚಬೇಕು. ಪುಸ್ತಕ ಓದಿದ ಸಾವಿರಾರು ಮಂದಿಗೆ ಆ ಲೇಖನ ತಲುಪಲಿಲ್ಲ ಎಂಬುದು ಬೇರೆ ಮಾತು.

ನಷ್ಟ ಏನು? ಕಣ್ಣಿರುವವರಿಗೆ ಹೆಚ್ಚೇನೂ ಇಲ್ಲ, ಪುಟ ಸ್ವಲ್ಪ ನಿಧಾನವಾಗಿ ಬರುತ್ತಿತ್ತು ಅಷ್ಟೆ. ಆದರೆ ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರಿಗೆ ಬರಹ ಕಿವಿಗೆ ಬೀಳುವುದು ಕಣ್ಣಿನ ಕ್ರಮದಲ್ಲಲ್ಲ, ಕೋಡಿನ ಕ್ರಮದಲ್ಲಿ, ಒಂದೊಂದೇ ಮನೆಯಾಗಿ. ಹೆಣೆದ ಕೋಷ್ಟಕಗಳಲ್ಲಿ ಲೇಖನದ ಒಂದು ತುಂಡು ಇಲ್ಲಿ, ಇನ್ನೊಂದು ಅಲ್ಲಿ. ನಡುವೆ ಹೆಸರಿಲ್ಲದ ಚಿತ್ರಗಳು. 1999ರಲ್ಲಿ ಬಂದ ಸುಗಮ ಪ್ರವೇಶದ ಮೊದಲ ಮಾರ್ಗಸೂಚಿ ಇದನ್ನೇ ಹೇಳಿತು: ಮನೆಗಳನ್ನು ಸಾಲಾಗಿ ಓದಿದಾಗ ಅರ್ಥ ಬರದಿದ್ದರೆ ವಿನ್ಯಾಸಕ್ಕೆ ಟೇಬಲ್ ಬಳಸಬೇಡಿ. ಪೂರ್ತಿ ಬೇಡವೆನ್ನಲಿಲ್ಲ, ಗಮನಿಸಿ. ಅರ್ಥ ಉಳಿದರೆ ಅಡ್ಡಿಯಿಲ್ಲ ಎಂದಿತು. ಹ್ಯಾಕ್ ಯಾವುದು ಎಂಬ ಚರ್ಚೆಯಲ್ಲಿ ನನಗೆ ಸಿಕ್ಕ ಅತ್ಯಂತ ವಿವೇಕದ ಮಾತು ಇದೇ. ಮುಂದಿನ ವರ್ಷಗಳ ಉತ್ಸಾಹಿಗಳು ಇದನ್ನು ಮರೆತು ಮಡಿವಂತಿಕೆ ಶುರುಮಾಡಿದರು. ಟೇಬಲ್ ಮುಟ್ಟಲೇಬಾರದು ಎಂದು ರೈಲಿನ ವೇಳಾಪಟ್ಟಿಯಂಥ ಅಸಲಿ ಕೋಷ್ಟಕವನ್ನೂ ಬೇರೆ ಟ್ಯಾಗುಗಳಲ್ಲಿ ಕಟ್ಟಿ ಬೆವರು ಹರಿಸಿದವರಿದ್ದರು.

ಬ್ರೌಸರ್‌ಗಳ ನಡುವಿನ ಜಗಳ ಇನ್ನೊಂದು ಬಗೆಯ ಹ್ಯಾಕುಗಳನ್ನು ಹೆತ್ತಿತು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಪೆಟ್ಟಿಗೆಯ ಅಗಲ 300 ಎಂದು ಬರೆದಿದ್ದೀರಿ. ಒಳಗೆ ಎರಡೂ ಬದಿ 20ರಂತೆ ಖಾಲಿ ಜಾಗ, 5ರಂತೆ ಅಂಚು. ಸಿಎಸ್‌ಎಸ್ ಮಾನಕದ ಪ್ರಕಾರ 300 ಎಂಬುದು ಒಳಗಿನ ಬರಹದ ಅಗಲ ಮಾತ್ರ. ಹಾಗಾಗಿ ಪೆಟ್ಟಿಗೆ ಪರದೆಯ ಮೇಲೆ 350 ಆಗುತ್ತದೆ. ವಿಂಡೋಸಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಮಾತ್ರ ಎಲ್ಲವನ್ನೂ ಸೇರಿಸಿ 300 ಎಂದುಕೊಂಡು ಬರಹಕ್ಕೆ 250 ಬಿಡುತ್ತಿತ್ತು. ಒಂದೇ ಪುಟ ಎರಡು ಬ್ರೌಸರಿನಲ್ಲಿ ಎರಡು ಅಳತೆ. ಕಾಲಂಗಳು ಪಕ್ಕಪಕ್ಕ ನಿಲ್ಲಲಾರದೆ ಒಂದರ ಕೆಳಗೊಂದು ಬೀಳುತ್ತಿದ್ದವು.

ಇದಕ್ಕೆ ಪರಿಹಾರ ಕಂಡುಹಿಡಿದವರು ಟಾಂಟೆಕ್ ಚೆಲಿಕ್. ಆ ಹಳೆಯ ಬ್ರೌಸರ್ ಉದ್ಧರಣ ಚಿಹ್ನೆಗಳನ್ನು ಓದುವಾಗ ಎಡವುತ್ತಿತ್ತು. ಧ್ವನಿಗೆ ಸಂಬಂಧಿಸಿದ, ಪರದೆಯ ಮೇಲೆ ಏನೂ ಮಾಡದ ಒಂದು ಸೂಚನೆಯಲ್ಲಿ ಉದ್ಧರಣ ಚಿಹ್ನೆ ಮತ್ತು ಆವರಣವನ್ನು ಬೇಕೆಂದೇ ಸಿಕ್ಕಾಗಿ ಬರೆದರೆ, ನಿಯಮ ಅಲ್ಲಿಗೇ ಮುಗಿಯಿತೆಂದು ಅದು ಓದುವುದನ್ನು ನಿಲ್ಲಿಸುತ್ತಿತ್ತು. ಸರಿಯಾದ ಬ್ರೌಸರ್‌ಗಳು ಮುಂದೆ ಓದಿ ನಿಜವಾದ ಅಳತೆ ಪಡೆಯುತ್ತಿದ್ದವು. ಕಳ್ಳನಿಗೆ ಮಾತ್ರ ಎಡತಾಕುವ ಹೊಸ್ತಿಲು ಎನ್ನಿ. ಇದರಲ್ಲಿ ಒಂದು ತಮಾಷೆಯಿದೆ: ಚೆಲಿಕ್ ಮೈಕ್ರೋಸಾಫ್ಟಿನಲ್ಲೇ ಕೆಲಸ ಮಾಡಿದವರು, ಮ್ಯಾಕ್ ಕಂಪ್ಯೂಟರಿಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಎಂಜಿನ್ ಕಟ್ಟಿದವರು. 2000ದ ಮಾರ್ಚಿನಲ್ಲಿ ಬಂದ ಆ ಮ್ಯಾಕ್ ಬ್ರೌಸರ್ ಸಿಎಸ್‌ಎಸ್ ಪಾಲನೆಯಲ್ಲಿ ಆ ಕಾಲಕ್ಕೆ ಎಲ್ಲರಿಗಿಂತ ಮುಂದಿತ್ತು. ಒಂದೇ ಕಂಪನಿಯ ಒಂದು ಕೈ ಮಾಡಿದ ತಪ್ಪಿಗೆ ಇನ್ನೊಂದು ಕೈಯವರು ಮದ್ದು ಅರೆದಂತಾಯಿತು.

ಈ ಕಥೆಗೆ ಬಾಲವಿದೆ, ಅದೇ ಹೆಚ್ಚು ಸ್ವಾರಸ್ಯ. ಮೈಕ್ರೋಸಾಫ್ಟಿನ ಲೆಕ್ಕ ಮಾನಕಕ್ಕೆ ವಿರುದ್ಧ, ನಿಜ. ಆದರೆ ಬಡಗಿಯನ್ನು ಮೂರಡಿಯ ಪೆಟ್ಟಿಗೆ ಮಾಡಿಕೊಡಪ್ಪಾ ಎಂದರೆ ಅವನು ಹೊರಗಿನ ಅಳತೆ ಹಿಡಿಯುತ್ತಾನೋ ಒಳಗೆ ತುಂಬುವ ಸಾಮಾನಿನ ಅಳತೆಯೋ? ಮಾನಕ ರೂಪಿಸುವವರೇ ಮುಂದೆ ‘ಬಾಕ್ಸ್-ಸೈಜಿಂಗ್’ ಎಂಬ ಹೊಸ ಗುಣ ಸೇರಿಸಿ ಎರಡೂ ಲೆಕ್ಕಕ್ಕೆ ಅವಕಾಶ ಕೊಟ್ಟರು. 2012ರಲ್ಲಿ ಪಾಲ್ ಐರಿಷ್ ಪುಟದ ಎಲ್ಲ ಪೆಟ್ಟಿಗೆಗಳಿಗೂ ಹೊರಗಿನ ಅಳತೆಯನ್ನೇ ಹಾಕಿ ಎಂದು ಸಲಹೆ ಮಾಡಿದರು. ಮರುವರ್ಷ ಬೂಟ್‌ಸ್ಟ್ರ್ಯಾಪ್ ಎಂಬ ಬಹುಬಳಕೆಯ ಚೌಕಟ್ಟು ಅದನ್ನೇ ಅಳವಡಿಸಿಕೊಂಡಿತು. ಇವತ್ತು ಹೊಸದಾಗಿ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಒಳ್ಳೆಯ ಪದ್ಧತಿ ಅದು. ಯಾವ ತಪ್ಪನ್ನು ಮುಚ್ಚಲು ಅಷ್ಟೊಂದು ಹ್ಯಾಕುಗಳು ಹುಟ್ಟಿದ್ದವೋ ಆ ತಪ್ಪೇ!

2002ರ ಅಕ್ಟೋಬರಿನಲ್ಲಿ ಡಗ್ಲಸ್ ಬೌಮನ್ ‘ವೈರ್ಡ್ ನ್ಯೂಸ್’ ತಾಣವನ್ನು ಟೇಬಲ್ ಇಲ್ಲದೆ ಸಿಎಸ್‌ಎಸ್‌ನಲ್ಲೇ ಮರುರೂಪಿಸಿ ದೊಡ್ಡ ತಾಣಕ್ಕೂ ಇದು ಸಾಧ್ಯ ಎಂದು ತೋರಿಸಿದರು. 2003ರ ಮೇ ತಿಂಗಳಲ್ಲಿ ಡೇವ್ ಶೇ ‘ಸಿಎಸ್‌ಎಸ್ ಝೆನ್ ಗಾರ್ಡನ್’ ತೆರೆದರು. ಅಲ್ಲಿ ಬರಹ ಒಂದೇ, ಒಂದಕ್ಷರ ಮುಟ್ಟುವಂತಿಲ್ಲ. ಶೈಲಿಯ ಹಾಳೆ ಬದಲಾದರೆ ಒಮ್ಮೆ ಜಪಾನಿನ ತೋಟ, ಒಮ್ಮೆ ಸಿನಿಮಾ ಪೋಸ್ಟರ್. ಒಂದೇ ಪ್ರಸಂಗಕ್ಕೆ ಊರೂರಿನ ಮೇಳದವರು ಬೇರೆಬೇರೆ ವೇಷ ಕಟ್ಟಿದ ಹಾಗೆ. ಆದರೆ ಒಳಗೆ ಇಣುಕಿದರೆ, ಕಾಲಂಗಳನ್ನು ನಿಲ್ಲಿಸಲು ಆ ಕಾಲದವರು ಬಳಸಿದ್ದು ‘ಫ್ಲೋಟ್’ ಎಂಬ ಗುಣವನ್ನು. ಅದು ಹುಟ್ಟಿದ್ದು ಚಿತ್ರವನ್ನು ಪಕ್ಕಕ್ಕೆ ಸರಿಸಿ ಸುತ್ತ ಬರಹ ಹರಿಸಲು. ಇಡೀ ಪುಟದ ಭಾರ ಹೊರಲು ಅಲ್ಲ. ಫ್ಲೋಟ್ ಆದ ಕಾಲಂಗಳನ್ನು ಅವುಗಳ ತಂದೆ ಪೆಟ್ಟಿಗೆ ಲೆಕ್ಕಕ್ಕೇ ಹಿಡಿಯದೆ ಕುಸಿದು ಕೂರುತ್ತಿತ್ತು. ಅದಕ್ಕೆ 2004ರ ಸುಮಾರಿಗೆ ‘ಕ್ಲಿಯರ್‌ಫಿಕ್ಸ್’ ಬಂತು: ಪೆಟ್ಟಿಗೆಯ ಕೊನೆಗೆ ಸಿಎಸ್‌ಎಸ್‌ನಿಂದ ಒಂದು ಪೂರ್ಣವಿರಾಮ ಹುಟ್ಟಿಸಿ, ಅದರ ಎತ್ತರ ಸೊನ್ನೆ ಮಾಡಿ, ಮರೆಮಾಡುವುದು. ಮತ್ತೆ ಕಾಣದ ಚುಕ್ಕೆ! ಹತ್ತು ವರ್ಷ ಇದನ್ನು ಒಳ್ಳೆಯ ಪದ್ಧತಿ ಎಂದೇ ಕಲಿಸಿದರು. ಪುಟವಿನ್ಯಾಸಕ್ಕೆಂದೇ ಹುಟ್ಟಿದ ‘ಗ್ರಿಡ್’ 2017ರ ಮಾರ್ಚ್ ಒಂದೇ ತಿಂಗಳಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರರಲ್ಲೂ ಬಂದ ಮೇಲೆ ಅದೇ ಫ್ಲೋಟ್ ವಿನ್ಯಾಸವನ್ನು ಹಳೆಯ ಕಾಲದ ಹ್ಯಾಕ್ ಎನ್ನತೊಡಗಿದರು.

ಹಾಗಾದರೆ ಎಲ್ಲವೂ ಕಾಲದ ಮಾತೇ, ನಿಜವಾದ ವ್ಯತ್ಯಾಸವೇ ಇಲ್ಲವೇ ಎಂದು ಕೇಳಬಹುದು. ಇದೆ. 2003ರ ಇನ್ನೊಂದು ಪ್ರಕರಣ ಅದನ್ನು ಚೆನ್ನಾಗಿ ತೋರಿಸುತ್ತದೆ. ಆಗ ಪುಟದಲ್ಲಿ ಬೇಕಾದ ಫಾಂಟ್ ಬಳಸುವಂತಿರಲಿಲ್ಲ. ಶೀರ್ಷಿಕೆ ಚೆಂದವಾಗಬೇಕಾದರೆ ಅದನ್ನು ಚಿತ್ರವಾಗಿ ಬರೆಯಬೇಕು. ಟಾಡ್ ಫಾರ್ನರ್ ಹೆಸರಿನಲ್ಲಿ ಒಂದು ಉಪಾಯ ಪ್ರಚಾರಕ್ಕೆ ಬಂತು: ಶೀರ್ಷಿಕೆಯ ಅಕ್ಷರಗಳು ಪುಟದಲ್ಲೇ ಇರಲಿ, ಸಿಎಸ್‌ಎಸ್‌ನಿಂದ ಅವನ್ನು ಅಡಗಿಸಿ ಹಿನ್ನೆಲೆಯಲ್ಲಿ ಚಿತ್ರ ತೋರಿಸೋಣ. ಕಣ್ಣಿಗೆ ಚಿತ್ರ, ಯಂತ್ರಕ್ಕೆ ಅಕ್ಷರ. ಕೇಳಲು ಎಷ್ಟು ಅಚ್ಚುಕಟ್ಟು. ಆದರೆ ಜೋ ಕ್ಲಾರ್ಕ್ ಎಂಬ ಸುಗಮ ಪ್ರವೇಶದ ತಜ್ಞರು ಅದೇ ವರ್ಷ ಸ್ಕ್ರೀನ್ ರೀಡರ್‌ಗಳಲ್ಲಿ ಪರೀಕ್ಷಿಸಿ ನೋಡಿದರು. ಅಡಗಿಸಿದ ಅಕ್ಷರಗಳನ್ನು ಅವುಗಳಲ್ಲಿ ಹೆಚ್ಚಿನವು ಓದುತ್ತಲೇ ಇರಲಿಲ್ಲ. ಯಾರ ಒಳ್ಳೆಯದಕ್ಕೆಂದು ಹೇಳಲಾಗಿತ್ತೋ ಅವರಿಗೇ ಶೀರ್ಷಿಕೆ ಇಲ್ಲದಂತಾಗಿತ್ತು. ಪೆಟ್ಟಿಗೆಯ ಹ್ಯಾಕ್ ನೋಡಲು ಎಷ್ಟೇ ಕೊಳಕಾಗಿದ್ದರೂ ಅದರ ಭಾರ ಹೊತ್ತವರು ಅದನ್ನು ಬರೆದವರು ಮಾತ್ರ. ಈ ಹ್ಯಾಕ್ ನೋಡಲು ಲಕ್ಷಣವಾಗಿತ್ತು, ಭಾರ ಮಾತ್ರ ಓದುಗರ ತಲೆಯ ಮೇಲೆ. ಅದೂ ದೂರು ಹೇಳಲು ಅವಕಾಶವೇ ಇಲ್ಲದ ಓದುಗರು.

ಇನ್ನು ನಮ್ಮ ಭಾಷೆಯ ಕಡೆಗೆ. ಮೇಲಿನ ಹ್ಯಾಕುಗಳೆಲ್ಲ ಪುಟದ ರೂಪಕ್ಕೆ ಸಂಬಂಧಿಸಿದವು. ಕನ್ನಡದಲ್ಲಿ ಹ್ಯಾಕ್ ಮಾಡಬೇಕಾಗಿ ಬಂದದ್ದು ಅಕ್ಷರವನ್ನೇ.

ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಕಾಗದದ ಮೇಲೆ ಜಾಗ ಸಿಕ್ಕರೆ ಸಾಕೆ? ವಿಂಡೋಸ್ 95, 98ಕ್ಕೆ ಕನ್ನಡ ಗೊತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು ಬಂದವು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಪುಣೆಯ ಮಾಡ್ಯುಲರ್ ಇನ್ಫೋಟೆಕ್ಕಿನ ಶ್ರೀಲಿಪಿ ಹೀಗೆ ಹಲವು. ಜನ ಇವನ್ನು ಒಟ್ಟಾಗಿ ಆಸ್ಕಿ ಫಾಂಟ್ ಎನ್ನುತ್ತಾರೆ. ಎಂಟು ಬಿಟ್ಟಿನ ಫಾಂಟಿನಲ್ಲಿ ಇರುವುದೇ 256 ಮನೆಗಳು. ಕಾಗುಣಿತ, ಒತ್ತಕ್ಷರಗಳ ಎಲ್ಲ ರೂಪವೂ ಅಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಅಕ್ಷರವನ್ನು ಬಿಡಿಭಾಗಗಳಾಗಿ ಕಳಚಿ, ಮೈ ಒಂದು ಮನೆಯಲ್ಲಿ, ತಲೆಕಟ್ಟು ಒಂದರಲ್ಲಿ, ಒತ್ತು ಇನ್ನೊಂದರಲ್ಲಿ ಇಟ್ಟರು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದದ್ದನ್ನು ಆ ಫಾಂಟ್ ತೆಗೆದು ನೋಡಿದರೆ ಕಾಣುವುದು ಇದು: ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಎ. ಒಟ್ಟು ಏಳು ಚಿಹ್ನೆ. ಪಿ ಎಂದರೆ ಕಕಾರದ ಮೈ, ಗೀಟಿನ ಎ ತಲೆಕಟ್ಟು, ಪೌಂಡ್ ಎಂದರೆ ನಕಾರ, ಜೋಡಿ ಎಸ್ ಅದರ ಒತ್ತು. ಅಚ್ಚುಮೊಳೆ ಜೋಡಿಸುವವರ ಬುದ್ಧಿ ಇದು, ಬಹಳ ಜಾಣತನದ್ದೇ. ಯುನಿಕೋಡಿನಲ್ಲಿ ಅದೇ ಪದ ಐದು ಸಂಕೇತ: ಕ, ನ, ಹಲಂತ, ನ, ಡ.

ಇಂಥ ಫಾಂಟಿನಲ್ಲಿ ಸಿದ್ಧವಾದ ಬರಹವನ್ನೇ ವೆಬ್ಬಿಗೂ ಏರಿಸಿದರು. ಪುಟದ ಮೇಲ್ಗಡೆ ‘ಅಕ್ಷರ ಸರಿಯಾಗಿ ಕಾಣದಿದ್ದರೆ ಫಾಂಟ್ ಇಳಿಸಿಕೊಳ್ಳಿ’ ಎಂಬ ಕೊಂಡಿ. ಸ್ವಂತ ಕಂಪ್ಯೂಟರ್ ಇದ್ದವರು ಇಳಿಸಿಕೊಂಡರು. ಮುಂಬೈಯದೋ ಚೆನ್ನೈಯದೋ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ಊರಿನ ಸುದ್ದಿ ಓದಲು ಕೂತವರು ಮಾಲೀಕನನ್ನು ಒಪ್ಪಿಸಬೇಕಿತ್ತು. ಒಂದು ತಾಣಕ್ಕೆ ಒಂದು ಫಾಂಟ್, ಇನ್ನೊಂದಕ್ಕೆ ಬೇರೆ. ಮುಂದೆ ‘ಡೈನಮಿಕ್ ಫಾಂಟ್’ ಬಂತು. 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಿಂದ ಫಾಂಟ್ ಪುಟದ ಜೊತೆಗೇ ತಾನಾಗಿ ಇಳಿಯುವ ಸೌಲಭ್ಯ. ಭಾರತೀಯ ಭಾಷೆಗಳ ತಾಣಗಳಿಗೆ ಇದು ವರದಾನವೇ ಆಯಿತು. ಆದರೆ ಮೈಕ್ರೋಸಾಫ್ಟಿನ ಆ ಫಾಂಟ್ ಬಗೆ ಬೇರೆಯವರ ಬ್ರೌಸರಿನಲ್ಲಿ ನಡೆಯುತ್ತಿರಲಿಲ್ಲ. ಫೈರ್‌ಫಾಕ್ಸಿನಲ್ಲಿ ತೆರೆದರೆ ಪೌಂಡು, ಎ, ಕ್ಯೂಗಳ ಸಂತೆ.

ಇದನ್ನು ತಪ್ಪು ಎನ್ನಲಾರೆ. 1998ರಲ್ಲಿ ಬೇರೆ ದಾರಿ ಇರಲಿಲ್ಲ. ಈ ಹ್ಯಾಕ್ ಇಲ್ಲದಿದ್ದರೆ ಕನ್ನಡ ವೆಬ್ಬಿಗೆ ಬರುವುದೇ ಐದಾರು ವರ್ಷ ತಡವಾಗುತ್ತಿತ್ತು. ಆದರೆ ಟೇಬಲ್ ಹ್ಯಾಕಿಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ಟೇಬಲ್ಲನ್ನು ಕಿತ್ತೆಸೆದರೆ ಒಳಗಿನ ವಾಕ್ಯ ಹಾಗೇ ಉಳಿಯುತ್ತದೆ. ಇಲ್ಲಿ ಫಾಂಟ್ ಕಿತ್ತರೆ ವಾಕ್ಯವೇ ಇಲ್ಲ. ಪುಟದಲ್ಲಿರುವುದು ಗುಪ್ತಲಿಪಿ, ಅದರ ಕೀಲಿಕೈ ಹೊರಗಿನ ಫಾಂಟ್ ಕಡತ. ಹುಡುಕುಯಂತ್ರಕ್ಕೆ ‘ಕನ್ನಡ’ ಎಂದು ಕೊಟ್ಟರೆ ಈ ಪುಟಗಳು ಸಿಗುವುದಿಲ್ಲ. ಅಂಧರ ಸ್ಕ್ರೀನ್ ರೀಡರಿಗೆ ಇದು ಕನ್ನಡವೆಂದೇ ತಿಳಿಯದು. ನಕಲು ಮಾಡಿ ಮಿಂಚಂಚೆಯಲ್ಲಿ ಕಳಿಸಿದರೆ ತಲುಪುವುದು ಲ್ಯಾಟಿನ್ ಕಸ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯುನಿಕೋಡ್ ಕನ್ನಡ ತಂದಿತು. ಅದನ್ನು ಜಾಗೃತಗೊಳಿಸಲು ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಿ ಸಿ.ಡಿ. ತುರುಕಬೇಕಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾದದ್ದು ಯುನಿಕೋಡಿನಲ್ಲೇ. ಅಲ್ಲಿಂದ ಮುಂದೆ ಆಸ್ಕಿ ಫಾಂಟಿಗೆ ‘ಬೇರೆ ದಾರಿಯಿಲ್ಲ’ ಎಂಬ ಸಮರ್ಥನೆ ಸವೆಯುತ್ತ ಬಂತು. ಆದರೂ ಎಷ್ಟೋ ತಾಣಗಳು ವರ್ಷಗಟ್ಟಲೆ ಅಲ್ಲೇ ಉಳಿದವು. ಮುದ್ರಣಕ್ಕೆ ಬಳಸುತ್ತಿದ್ದ ಪೇಜ್‌ಮೇಕರಿಗೆ ಯುನಿಕೋಡ್ ತಿಳಿಯದು. ಮುದ್ರಣಕ್ಕೆ ಟೈಪಾದದ್ದೇ ವೆಬ್ಬಿಗೂ ಹೋಗಬೇಕು. ನನ್ನ ಲೆಕ್ಕದಲ್ಲಿ ಹ್ಯಾಕ್ ಕೆಟ್ಟದ್ದಾಗುವುದು ಹೀಗೆ. ಹುಟ್ಟಿದ ದಿನ ಅಲ್ಲ, ಅದರ ಅಗತ್ಯ ತೀರಿದ ಮರುದಿನದಿಂದ.

ಇದಕ್ಕೆ ಎದುರಾಗಿ ಇನ್ನೊಂದು ಹ್ಯಾಕ್ ನೆನಪಿಸಬೇಕು, ನೆನೆದರೆ ಪ್ರೀತಿ ಉಕ್ಕುವಂಥದ್ದು. ಕನ್ನಡ ತೋರಿಸಲಾರದ ಸಾಮಾನ್ಯ ಮೊಬೈಲ್ ಫೋನುಗಳ ಕಾಲದಲ್ಲಿ ಯುನಿಕೋಡ್ ಪುಟ ತೆರೆದರೆ ಸಾಲುಸಾಲು ಖಾಲಿ ಚೌಕಗಳು. ಒಪೆರಾ ಮಿನಿ ಬ್ರೌಸರಿನ ವಿಳಾಸಪಟ್ಟಿಯಲ್ಲಿ ‘ಒಪೆರಾ ಕಾನ್ಫಿಗ್’ ಎಂದು ಬರೆದರೆ ಒಂದು ಗುಟ್ಟಿನ ಪುಟ ತೆರೆಯುತ್ತಿತ್ತು. ಅದರ ತಳದಲ್ಲಿ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬ ಆಯ್ಕೆ. ಅದನ್ನು ಹೌದು ಮಾಡಿದರೆ ಒಪೆರಾದ ಸರ್ವರ್ ಕನ್ನಡ ಅಕ್ಷರಗಳನ್ನು ಚಿತ್ರ ಮಾಡಿ ಫೋನಿಗೆ ಕಳಿಸುತ್ತಿತ್ತು. ಚೌಕಗಳು ಹೋಗಿ ಕನ್ನಡ! ಈ ಉಪಾಯ ಬಾಯಿಂದ ಬಾಯಿಗೆ ಹರಡಿತು. ಅಕ್ಷರವನ್ನು ಚಿತ್ರ ಮಾಡುವುದು ತತ್ವದ ಪ್ರಕಾರ ಕೆಟ್ಟದ್ದೇ. ಆದರೆ ತಾಣದಲ್ಲಿ ಬರಹ ಬರಹವಾಗಿಯೇ ಉಳಿದಿತ್ತು, ವೇಷ ಹಾಕಿದ್ದು ಕೊನೆಯ ಹೆಜ್ಜೆಯಲ್ಲಿ, ಬೇಕೆಂದವರ ಫೋನಿನಲ್ಲಿ ಮಾತ್ರ. ಕನ್ನಡ ಬಲ್ಲ ಫೋನುಗಳು ಬಂದಾಗ ಆ ಆಯ್ಕೆ ಯಾರಿಗೂ ಬೇಡವಾಯಿತು, ಹಿಂದೆ ಏನನ್ನೂ ಕೆಡಿಸಿ ಹೋಗಲಿಲ್ಲ.

ಆಸ್ಕಿ ಫಾಂಟಿನ ಬಾಕಿ ಮಾತ್ರ ಇನ್ನೂ ತೀರಿಲ್ಲ. ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನುಡಿಯಲ್ಲಿ ಟೈಪಾಗುತ್ತದೆ. ವೆಬ್ಬಿಗೆ ಹಾಕುವಾಗ ಪರಿವರ್ತಕಕ್ಕೆ ಕೊಡುತ್ತಾರೆ. ಪರಿವರ್ತಕಗಳು ಎಡವುವ ಜಾಗ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ಹಾಗಾಗಿ ರಕಾರ ಮೊದಲು. ಈ ಹಿಂದುಮುಂದನ್ನು ಸರಿಪಡಿಸದೆ ಬಿಟ್ಟರೆ ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ, ‘ಸೂರ್ಯ’ ಹೋಗಿ ‘ಸೂಯರ್’. ಸುದ್ದಿತಾಣಗಳಲ್ಲಿ ನೀವು ಇದನ್ನು ನೋಡಿಯೇ ಇರುತ್ತೀರಿ. ಈಚೆಗೆ ಫೋನಿನಲ್ಲಿ ಅರ್ಕಾವತ್ತು ಮೂಡಿಸಲು ತಿಳಿಯದವರು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಕನ್ನಡದ ಒಂಬತ್ತು ಅಂಕಿ ನೋಡಲು ಅರ್ಕಾವತ್ತಿನಂತೆಯೇ ಇದೆಯಲ್ಲ, ಅದನ್ನೇ ಹಾಕಿ ‘ಕಾಯ೯ಕ್ರಮ’ ಎಂದು ಬರೆಯುತ್ತಾರೆ. ಮದುವೆಯ ಕರೆಯೋಲೆಯಿಂದ ಹಿಡಿದು ಸಂಘದ ವಾಟ್ಸ್ಆಪ್ ಗುಂಪಿನವರೆಗೆ ಎಲ್ಲೆಡೆ ಇದೆ. ಓದುವ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕಂಪ್ಯೂಟರಿಗೆ ಅದು ಒಂಬತ್ತು.